ಪಾಸಾಗಲು ಏಳುನೂರ ಐವತ್ತು

ಲಿಫ್ಟ್ ಮೆಕ್ಯಾನಿಕ್ ಆದವನೇ ಅವತ್ತು ಲಿಫ್ಟಿಗೆ ಕಾಯಲಿಲ್ಲ. ಮೇಷ್ಟ್ರ ಕಾರಿನ ಪಕ್ಕದಲ್ಲಿ ಬೈಕನ್ನು ಹೇಗೋ ತುರುಕಿದ. ಆ ಕಾರಿಗೋ ನೆಲ ಮುಟ್ಟುವ ಹೊದಿಕೆ, ನಂಬರ್ ಪ್ಲೇಟೂ ಕಾಣದು. ನಾಲ್ಕು ಮಹಡಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬೆಲ್ ಒತ್ತಿದ. ಬಾಗಿಲು ತೆಗೆದವಳು ಮೇಷ್ಟ್ರ ಮಗಳು. ಏದುಸಿರಿಗೆ ಮಾತೇ ಹೊರಡಲಿಲ್ಲ, ಬೆರಳು ಎಣಿಸಿ ತೋರಿಸಿದ. ಏಳು, ಐದು, ಎರಡು.

"ಬಂತಾ? ಬಂದೇಬಿಡ್ತಾ?" ಅವಳು ಕಿರುಚಿದ ಸದ್ದಿಗೆ ಎದುರು ಮನೆಯ ಬಾಗಿಲೂ ತೆರೆಯಿತು.

ಹದಿನಾಲ್ಕು ತಿಂಗಳ ಹಿಂದೆ ಮಗಳನ್ನು ಕೊಡಿ ಎಂದು ಕೇಳಲು ಬಂದಾಗ, ನಿವೃತ್ತ ಗಣಿತ ಮೇಷ್ಟ್ರು ಅವನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ, ಕ್ರೆಡಿಟ್ ಸ್ಕೋರ್ ಕೇಳಿದ್ದರು. ಐನೂರ ಅರವತ್ತು ಎಂದು ಹೇಳುವಾಗ ಅವನ ತಲೆ ನೆಲ ನೋಡುತ್ತಿತ್ತು. ತಪ್ಪು ಅವನದೇ. ಕಾರ್ಡು ಉಜ್ಜುವಾಗ ಇದ್ದ ಉತ್ಸಾಹ ಬಿಲ್ಲು ಕಟ್ಟುವಾಗ ಇರಲಿಲ್ಲ. "ಕಂತು ನೆಟ್ಟಗೆ ಕಟ್ಟೋಕಾಗದೋನು ನನ್ನ ಮಗಳನ್ನ ನೆಟ್ಟಗೆ ನೋಡ್ಕೋತೀಯಾ, ಲಿಫ್ಟಪ್ಪ? ಏಳುನೂರ ಐವತ್ತು ಪಾಸ್ ಮಾರ್ಕು. ತಗೊಂಡು ಬಾ, ಆಮೇಲೆ ಮದುವೆ ಮಾತು." ಅವತ್ತಿನಿಂದ ಹುಡುಗ ಹಲ್ಲು ಕಚ್ಚಿ ಹಿಡಿದ. ಭಾನುವಾರವೂ ಕೆಲಸ, ಕಂತು ಎರಡು ದಿನ ಮೊದಲೇ. ಒಡೆದ ಫೋನಿಗೆ ಟೇಪು ಹಚ್ಚಿ ಅದರಲ್ಲೇ ದಿನ ದೂಡಿದ.

ಈಗ ಆ ಒಡೆದ ಫೋನನ್ನೇ ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಏಳೋ, ಗಾಜಿನ ಬಿರುಕೋ?"

"ಏಳೇ ಸಾರ್! ಕಣ್ಣಾಣೆಗೂ ಏಳು!"

"ಚಿತ್ತಾಗಿರೋ ಉತ್ತರಪತ್ರಿಕೆಗೆ ನಾನು ಮಾರ್ಕು ಕೊಡಲ್ಲಯ್ಯ."

"ಅಯ್ಯೋ, ನನ್ನ ಫೋನಲ್ಲೇ ನೋಡಿ ಅಪ್ಪಾ," ಎಂದು ಮಗಳು ತನ್ನದನ್ನು ಮುಂದೆ ಹಿಡಿದಳು. ಹುಡುಗ ಸರಸರನೆ ಮೊಬೈಲ್ ನಂಬರ್ ಒತ್ತಿದ. ಕೋಡ್ ಬಂತು, ಅದನ್ನೂ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಮೂರು ತಲೆಗಳು ಒಂದೇ ಫೋನಿನ ಮೇಲೆ ಬಗ್ಗಿದವು.

ಐನೂರ ಎಂಬತ್ತೆಂಟು.

ಹುಡುಗ ಕಣ್ಣುಜ್ಜಿಕೊಂಡ. "ಇಲ್ಲ ಸಾರ್, ಈಗ ತಾನೇ ಕೆಳಗೆ ನೋಡ್ದೆ..."

ಮೇಷ್ಟ್ರು ಕುರ್ಚಿಯಿಂದ ಚಂಗನೆ ಎದ್ದರು. ಮೂವತ್ತು ವರ್ಷ ತರಗತಿ ನಡುಗಿಸಿದ ದನಿ ಎಲ್ಲಿತ್ತೋ, ಪೂರ್ತಿ ವಾಪಸ್ಸು ಬಂತು. "ಫೇಲ್! ನಾನು ಹೇಳ್ಲಿಲ್ವಾ? ಓದಮ್ಮ, ಜೋರಾಗಿ ಓದು. ತಡವಾದ ಕಂತು ಎಷ್ಟು?"

"ಹನ್ನೊಂದು," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು.

"ಹನ್ನೊಂದು ಸಲ ಮಾತು ತಪ್ಪಿದ್ದಾನೆ! ಇಂಥೋರನ್ನ ಹೊಸ್ತಿಲು ದಾಟಿಸಬಾರದು. ಯಾವ ಸಾಲವಂತೆ?"

"ಕಾರಿಂದು."

ಮೇಷ್ಟ್ರು ಥಟ್ಟನೆ ಫೋನಿಗೆ ಕೈ ಚಾಚಿದರು.

"ಇವನಿಗೆಲ್ಲಿಯ ಕಾರು?" ಎನ್ನುತ್ತಲೇ ಮಗಳು ಪರದೆಯನ್ನು ಮೇಲಕ್ಕೆ ಸರಿಸಿದಳು. ಅಲ್ಲಿದ್ದ ಹೆಸರು ಅವಳದು. ನಂಬರೂ ಅವಳದೇ. ದಿನಕ್ಕೆ ಹತ್ತು ಸಲ ಒತ್ತಿ ಒತ್ತಿ ಬೆರಳಿಗೇ ಬಾಯಿಪಾಠವಾಗಿದ್ದ ಅವಳ ನಂಬರನ್ನೇ ಹುಡುಗ ಗಡಿಬಿಡಿಯಲ್ಲಿ ಒತ್ತಿಬಿಟ್ಟಿದ್ದ.

"ನಿವೃತ್ತಿ ದುಡ್ಡಲ್ಲಿ ಕೊಂಡೆ ಅಂದಿದ್ರಿ," ಅವಳು ಮೆಲ್ಲಗೆ ಹೇಳಿದಳು. "ಇನ್ಶೂರೆನ್ಸಿಗೆ ಅಂತ ನನ್ನ ಹತ್ರ ಸೈನ್ ಹಾಕಿಸಿಕೊಂಡ್ರಲ್ಲ, ಅದು ಈ ಸಾಲಕ್ಕಾ? ಆ ಹೊದಿಕೆ ಧೂಳಿಗಲ್ವಾ ಅಪ್ಪಾ? ಸಾಲ ಕೊಟ್ಟೋರ ಕಣ್ಣಿಗೆ ನಂಬರ್ ಬೀಳಬಾರದು ಅಂತಾನಾ?"

ಮೇಷ್ಟ್ರು ಕುಸಿದು ಕೂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲೇ ಇಲ್ಲ. ತಲೆ ನೆಲ ನೋಡುತ್ತಿತ್ತು.

ಹುಡುಗನಿಗೆ ಆ ಕ್ಷಣ ಕುಣಿದಾಡುವಷ್ಟು ಖುಷಿಯಾದದ್ದು ಸುಳ್ಳಲ್ಲ. ಆದರೆ ಹಾಗೆ ತಲೆ ತಗ್ಗಿಸಿ ಕೂರುವುದು ಎಂಥ ಕಷ್ಟ ಎಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದ. ಹದಿನಾಲ್ಕು ತಿಂಗಳು ಸಾರ್, ಸಾರ್ ಎಂದಿದ್ದ ಬಾಯಿ ಅದು.

"ಹೆದರ್ಬೇಡಿ ಮಾವ," ಎಂದ. "ಹದಿನಾಲ್ಕು ತಿಂಗಳು ಸಾಕು. ಹೇಗಂತ ನಾನು ಹೇಳಿಕೊಡ್ತೀನಿ."