ಹೆಸರಿಲ್ಲದ ವರದಿ

ಸಮಾಜಕಾರ್ಯ ಪದವಿಯ ಹುಡುಗಿ ಮೂರನೆಯ ಸಲ ವರದಿ ತಂದಿದ್ದಳು. ನಿಯಮದಂತೆ ಅದರಲ್ಲಿ, ತಾನು ಅಧ್ಯಯನಕ್ಕೆಂದು ಭೇಟಿಯಾಗುತ್ತಿದ್ದ ಅಜ್ಜಿಯ ಹೆಸರನ್ನು ಎಲ್ಲೂ ಬರೆದಿರಲಿಲ್ಲ.

“ಅಗತ್ಯಗಳ ಭಾಗ ಸಾಲದು. ಮತ್ತೆ ಹೋಗಿ ಕೇಳ್ಕೊಂಡು ಬಾ,” ಎಂದರು ಮೇಡಂ.

“ಏನಂತ ಕೇಳ್ಲಿ ಮೇಡಂ? ನಾನು ಬಾಯಿ ತೆಗೆಯೋಕೆ ಮುಂಚೆನೇ ಅಜ್ಜಿ ಎಲ್ಲಾ ಉತ್ತರ ಹೇಳ್ತಾರೆ. ಪ್ರತಿ ವರ್ಷ ನಮ್ಮ ಕಾಲೇಜಿನವರು ಬಂದು ಬರ್ಕೊಂಡು ಹೋಗ್ತಾರಂತೆ. ಹದಿನಾಲ್ಕು ವರ್ಷದ ಹಿಂದೆ ಮೊದಲು ಬಂದ ಹುಡುಗಿ, ಮನೆಗೆ ನಲ್ಲಿ ಹಾಕಿಸಿಕೊಡ್ತೀನಿ ಅಂತ ಕೈ ಹಿಡ್ಕೊಂಡು ಹೇಳಿದ್ಲಂತೆ. ಅಜ್ಜಿ ಇವತ್ತೂ ಕೊಡ ಹೊರ್ತಿದ್ದಾರೆ. ‘ಆ ಹುಡುಗಿಗೆ ಈಗ ನನ್ನ ಹೆಸರೂ ನೆನಪಿರಲ್ಲ’ ಅಂದ್ರು.”

ಮೇಡಂ ವರದಿಯನ್ನು ಎಳೆದುಕೊಂಡು, ಓದದೆ ಸಹಿ ಹಾಕಿದರು.

“ನೆನಪಿದೆ,” ಎಂದರು. “ದುರ್ಗವ್ವ.”