ಗಾಲಿಕುರ್ಚಿ ದಾನ

"ಬೆಳಕು ಸರಿ ಇರ್ಲಿಲ್ವಂತೆ. ಇವರನ್ನ ಕೆಳಗಿಳಿಸಿ, ಇನ್ನೊಂದ್ಸಲ ಕೊಡೋಣ," ಎಂದಳು ನಟಿ. ಧಾರಾವಾಹಿಗಳಲ್ಲಿ ಅತ್ತೂ ಅತ್ತೂ ಹೆಸರು ಮಾಡಿದವಳು ಈಗ ದೊಡ್ಡ ದಾನಿ. ಆದರೆ ಕ್ಯಾಮೆರಾ ಇಲ್ಲದ ಕಡೆ ಎಂದೂ ಕೈ ಬಿಚ್ಚಿದವಳಲ್ಲ.

ಕಾಲು ಕಳೆದುಕೊಂಡ ದರ್ಜಿ ಹೆಂಗಸನ್ನು, ಅವಳ ಜೊತೆಗೆ ಬಂದಿದ್ದ ತಮ್ಮನೇ ಆಸ್ಪತ್ರೆಯ ನೆಲಕ್ಕಿಳಿಸಿ, ಮತ್ತೆ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ. ನಟಿ ಅವಳ ಗಲ್ಲ ಹಿಡಿದು ಪಿಸುಗುಟ್ಟಿದಳು: "ಸ್ವಲ್ಪ ಕಣ್ಣೀರು ಹಾಕಮ್ಮ, ಚೆನ್ನಾಗಿ ಬರುತ್ತೆ."

ದರ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅಳೋದು ನಿಮ್ಮ ಕಸುಬಲ್ವಾ ಮೇಡಂ? ನೀವೇ ಅತ್ಬಿಡಿ."

ನಟಿಯ ಮುಖ ಕೆಂಪಾಯಿತು. ಆದರೆ ಕ್ಯಾಮೆರಾ ತನ್ನತ್ತ ತಿರುಗಿದ್ದೇ ತಡ, ಅವಳ ಕಣ್ಣು ಅಭ್ಯಾಸಬಲದಿಂದ ತುಂಬಿ ಬಂತು. "ಸೂಪರ್, ಮೇಡಂ!" ಎಂದ ಕ್ಯಾಮೆರಾದವನು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ದರ್ಜಿ ತಾನೇ ಚಕ್ರ ತಿರುಗಿಸಿಕೊಂಡು ಹೊರಗೆ ಹೋದಳು. ಯಾರೂ ಗಮನಿಸಲಿಲ್ಲ.