ಮಡುವಿನ ಒಪ್ಪಿಗೆ

ದೇವರ ಮಡುವಿನ ಮೀನುಗಳು ಅಕ್ಕಿ ತಿಂದರೆ ಮಾತ್ರ ಮದುವೆ ನಿಶ್ಚಯ. ಅದು ಆ ಊರಿನ ಪದ್ಧತಿ.

ಹೆಣ್ಣಿನ ತಂದೆ ಕೈಮುಗಿದು ಹಿಡಿ ಅಕ್ಕಿ ಎರಚಿದ. ಮೀನುಗಳು ಮೇಲೆ ಬಂದವು. ಆದರೆ ಅಕ್ಕಿ ಮುಟ್ಟಲಿಲ್ಲ. ಬಾಯಿ ತೆರೆದು ಒದ್ದಾಡಿ, ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗಂಡಿನ ತಂದೆ ಎದ್ದು ನಿಂತರು. "ನಡೀರೋ ಹೋಗಾಣ. ಈ ಸಂಬಂಧ ದೇವರಿಗೇ ಬ್ಯಾಡ್ವಂತೆ."

"ಬೀಗ್ರೇ, ನಿಮ್ಮ ದಮ್ಮಯ್ಯ, ಒಸಿ ತಡೀರಿ!"

"ಇನ್ನೆಲ್ಲಿ ಬೀಗ್ರು?"

ಅರ್ಚಕರು ಹೆಣ್ಣಿನ ತಂದೆಯನ್ನು ದುರುಗುಟ್ಟಿ ನೋಡಿದರು. "ಮೈಲಿಗೇಲಿ ಬಂದ್ಯೇನೋ?"

"ಅಯ್ಯೋ, ಇಲ್ಲ ಸ್ವಾಮಿ! ಬೆಳಿಗ್ಗೆ ಶುಂಠಿಗೆ ಹುಳದ ಔಷಧಿ ಹೊಡೆದಿದ್ದೆ. ಆ ಮೈಯಲ್ಲಿ ದೇವರ ಮುಂದೆ ನಿಲ್ಲಬಾರದು ಅಂತ, ಇದೇ ಹೊಳೇಲಿ ಮೇಲಿನ ಕಡವಲ್ಲಿ ಪಂಪು, ಡ್ರಮ್ಮು, ಬಟ್ಟೆ ಎಲ್ಲಾ ತೊಳೆದು, ಮುಳುಗಿ ಮಿಂದೇ ಬಂದಿದೀನಿ."